ಜಮ್‌ಷೆಡ್‌ಜಿ ಟಾಟಾ ಮತ್ತು ದುಡಿಯುವವರ ಯೋಗಕ್ಷೇಮ

ಕಲಬುರಗಿಯಿಂದ ದಕ್ಷಿಣಕ್ಕೆ ಸಾಗುವ ರೈಲುಮಾರ್ಗದಲ್ಲಿ ಮೊದಲು ಶಹಾಬಾದ, ಅದರಾಚೆ ವಾಡಿ ಸಿಗುತ್ತವೆ. ವಾಡಿಯಲ್ಲಿ ಮಾರ್ಗ ಕವಲೊಡೆದು ಒಂದು ಶಾಖೆ ಪೂರ್ವಕ್ಕೆ ಹೊರಳಿ ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿನತ್ತ ಹೋಗುತ್ತದೆ. ಮುಂಬಯಿಯಿಂದ ರಾಯಚೂರಿನವರೆಗಿನ ಮಾರ್ಗ 1871ರಲ್ಲಿ ಪೂರ್ಣಗೊಂಡಿತು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಮಾರ್ಗ 1874ರಲ್ಲಿ ತೆರೆಯಿತು. ಈ ಹಳಿಗಳ ಇಕ್ಕೆಲಗಳಲ್ಲಿಯೂ, ರೈಲು ತಲಪದ ಚಿಂಚೋಳಿಯ ಕಡೆಯಲ್ಲಿಯೂ, ನೆಲದ ಕೆಳಗೆ ಪದರಪದರವಾಗಿ ಸುಣ್ಣದ ಕಲ್ಲು ಹಬ್ಬಿಕೊಂಡಿದೆ. ಪದರ ಬಿಡಿಸಿದರೆ ಅದು ಮನೆಯ ಅಂಗಳಕ್ಕೆ ಹಾಸುವ ಶಹಾಬಾದಿ ಕಲ್ಲಾಗುತ್ತದೆ. ಪುಡಿ ಮಾಡಿ ಸುಟ್ಟರೆ ಸಿಮೆಂಟಾಗುತ್ತದೆ. ಸಾವಿರಾರು ಕುಟುಂಬಗಳು ಈ ಕಲ್ಲನ್ನು ನಂಬಿಯೇ ಬದುಕುತ್ತಿವೆ.

ಕಲ್ಲು ಅನ್ನವನ್ನು ಕೊಡುತ್ತದೆ. ಜೊತೆಗೆ ಧೂಳನ್ನೂ ಕೊಡುತ್ತದೆ. ಸಿಡಿಮದ್ದಿನಿಂದ ಒಡೆದ ಬಂಡೆಯನ್ನು ಯಂತ್ರಗಳು ನುಚ್ಚು ಮಾಡುತ್ತವೆ, ನುಣ್ಣಗೆ ಅರೆಯುತ್ತವೆ, ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತವೆ. ಈ ಕೆಲಸದಲ್ಲಿ ನಿಂತವನು ಧೂಳು, ಬಿಸಿ, ಸದ್ದು ಈ ಮೂರನ್ನೂ ದಿನವಿಡೀ ಎದುರಿಸಬೇಕಾಗುತ್ತದೆ. ಮೂಗು, ಗಂಟಲುಗಳು ತಡೆಯಲಾರದಷ್ಟು ಸೂಕ್ಷ್ಮವಾದ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರ ಹಾನಿ ಒಂದೆರಡು ದಿನಗಳಲ್ಲಿ ಕಾಣಿಸುವುದಿಲ್ಲ; ವರ್ಷಗಳು ಕಳೆದ ಮೇಲೆ, ಏದುಸಿರಿನ ರೂಪದಲ್ಲಿ ಕಾಣಿಸುತ್ತದೆ. ಆದುದರಿಂದ ಕೆಲಸಗಾರನ ಆರೋಗ್ಯ ಯಾರ ಹೊಣೆ ಎಂಬ ಪ್ರಶ್ನೆ ಈ ಸೀಮೆಯ ಮಕ್ಕಳಿಗೆ ಪುಸ್ತಕದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಬಹು ಹಿಂದೆಯೇ ಎತ್ತಿಕೊಂಡು, ಅದಕ್ಕೆ ವ್ಯಾಪಾರಿಯ ಲೆಕ್ಕದಲ್ಲಿಯೇ ಉತ್ತರ ಹುಡುಕಿದವರು ಜಮ್‌ಷೆಡ್‌ಜಿ ಟಾಟಾ. ಅವರು ಸಂತರಲ್ಲ, ಸಮಾಜ ಸುಧಾರಕರೂ ಅಲ್ಲ. ಲಾಭಕ್ಕಾಗಿ ಗಿರಣಿ ಕಟ್ಟಿದ ಉದ್ಯಮಿ. ಅವರ ಬದುಕನ್ನು ಈ ದೃಷ್ಟಿಯಿಂದ ನೋಡುವುದಕ್ಕೆ ಅದೇ ಕಾರಣ.

ಜಮ್‌ಷೆಡ್‌ಜಿಯವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ತಂದೆ ನಸರ್‌ವಾನ್‌ಜಿ, ತಾಯಿ ಜೀವನ್‌ಬಾಯಿ. ತಲೆತಲಾಂತರದಿಂದ ಪಾರಸಿ ಸಮಾಜದ ಪೌರೋಹಿತ್ಯ ನಡೆಸಿಕೊಂಡು ಬಂದಿದ್ದ ಮನೆತನ ಅದು. ಆ ಮನೆತನದಲ್ಲಿ ವ್ಯಾಪಾರಕ್ಕೆ ಕೈಹಾಕಿದವರಲ್ಲಿ ನಸರ್‌ವಾನ್‌ಜಿಯವರೇ ಮೊದಲಿಗರು. ಮಗನನ್ನು ಅವರು ಮುಂಬಯಿಗೆ ಕರೆಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿಸಿದರು. 1858ರಲ್ಲಿ ಅಲ್ಲಿಯ ವಿದ್ಯಾಭ್ಯಾಸ ಮುಗಿಸಿದ ತರುಣ ಮರುವರ್ಷವೇ ತಂದೆಯ ವ್ಯಾಪಾರದ ಸಲುವಾಗಿ ಹಾಂಗ್‌ಕಾಂಗಿಗೆ ಹೊರಟನು.

ಅಮೆರಿಕದಲ್ಲಿ ಅಂತರ್ಯುದ್ಧ ನಡೆದ ವರ್ಷಗಳಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲಪದಾಯಿತು. ಭಾರತದ ಹತ್ತಿಗೆ ಬೇಡಿಕೆ ಏರಿತು. ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. 1865ರಲ್ಲಿ ಯುದ್ಧ ಮುಗಿದಾಗ ಆ ಹೊಳೆ ಒಂದೇ ದಿನದಲ್ಲಿ ಬತ್ತಿದಂತಾಗಿ, ದೊಡ್ಡ ದೊಡ್ಡ ಮನೆತನಗಳು ದಿವಾಳಿಯಾದವು. ಟಾಟಾ ಮನೆತನವೂ ಆ ಹೊಡೆತದಿಂದ ತಪ್ಪಿಸಿಕೊಳ್ಳಲಿಲ್ಲ. ಆಗ ಲಂಡನ್ನಿನಲ್ಲಿದ್ದ ಜಮ್‌ಷೆಡ್‌ಜಿಯವರ ಕೈಯಲ್ಲಿ ಬೆಲೆ ಕಳೆದುಕೊಂಡ ಕಾಗದಪತ್ರಗಳು ಮಾತ್ರ ಉಳಿದವು. ಅವರು ಸಾಲ ಕೊಟ್ಟವರಿಂದ ತಲೆಮರೆಸಿಕೊಳ್ಳಲಿಲ್ಲ. ಎದುರಿಗೆ ಹೋಗಿ ಇದ್ದ ಸ್ಥಿತಿಯನ್ನು ಇದ್ದಂತೆ ಹೇಳಿದರು. ಆ ಪ್ರಾಮಾಣಿಕತೆಗೆ ಮೆಚ್ಚಿದ ಸಾಲಿಗರು, ತಿಂಗಳಿಗೆ 20 ಪೌಂಡುಗಳ ಸಂಬಳದ ಮೇಲೆ ಅವರನ್ನೇ ಅವರ ಸಂಸ್ಥೆಯ ಲೆಕ್ಕ ತೀರಿಸುವ ಅಧಿಕಾರಿಯನ್ನಾಗಿ ನೇಮಿಸಿದರು. ವಿಶ್ವಾಸವೂ ಒಂದು ಬಂಡವಾಳವೆಂಬುದನ್ನು ಇಪ್ಪತ್ತಾರರ ಆ ತರುಣ ಕಲಿತದ್ದು ಈ ಕಷ್ಟದಲ್ಲಿಯೇ ಇರಬೇಕು.

1868ರಲ್ಲಿ ಅವರು 21,000 ರೂಪಾಯಿಗಳ ಬಂಡವಾಳದಿಂದ ಸ್ವಂತ ವ್ಯಾಪಾರ ಆರಂಭಿಸಿದರು. ಮರುವರ್ಷ ಮುಂಬಯಿಯ ಚಿಂಚ್‌ಪೋಕಳಿಯಲ್ಲಿ ಮುಚ್ಚಿಹೋಗಿದ್ದ ಒಂದು ಎಣ್ಣೆ ಗಿರಣಿಯನ್ನು ಕೊಂಡು ನೂಲಿನ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷ ನಡೆಸಿ, ಲಾಭಕ್ಕೆ ಮಾರಿದರು. ಆಮೇಲೆ ಇಂಗ್ಲೆಂಡಿನ ಲ್ಯಾಂಕಾಶೈರಿಗೆ ಹೋಗಿ ಅಲ್ಲಿಯ ಗಿರಣಿಗಳನ್ನು ಹೊಕ್ಕು ನೋಡಿದರು.

ಆ ಕಾಲದ ಗಿರಣಿಯೊಳಗಿನ ಬದುಕನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ವಿದ್ಯುದ್ದೀಪಗಳು ಬರುವುದಕ್ಕೆ ಮುಂಚೆ ಮುಂಬಯಿಯ ಗಿರಣಿಗಳು ಬೆಳಕು ಹರಿದಾಗ ಆರಂಭವಾಗಿ ಕತ್ತಲಾಗುವವರೆಗೂ ನಡೆಯುತ್ತಿದ್ದವು. ಬೇಸಗೆಯಲ್ಲಿ ಹಗಲು ಉದ್ದ; ದುಡಿಮೆಯೂ ಉದ್ದ. ವಾರದ ರಜೆಯೆಂಬುದಿರಲಿಲ್ಲ. 1881ರಲ್ಲಿ ಮೊದಲ ಕಾರ್ಖಾನೆ ಕಾಯಿದೆ ಬಂದಾಗ ಅದು ನಿಷೇಧಿಸಿದ್ದು ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳ ದುಡಿಮೆಯನ್ನು ಮಾತ್ರ. ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಅದು ಅವಕಾಶ ಕೊಟ್ಟಿತು! ವಯಸ್ಕ ಗಂಡಸರ ದುಡಿಮೆಯ ಹೊತ್ತಿಗೆ ಕಾನೂನಿನ ಮಿತಿ ಬಂದದ್ದು 1911ರ ಕಾಯಿದೆಯಿಂದ. ಆಗಲೂ ಅದು ನೂಲು ಬಟ್ಟೆಯ ಗಿರಣಿಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ. ಹತ್ತಿಯ ನವಿರಾದ ಧೂಳು ಮಂಜಿನಂತೆ ತುಂಬಿದ ಕೊಠಡಿಯಲ್ಲಿ ಗಾಳಿ ಆಡುತ್ತಿರಲಿಲ್ಲ. ಕಾಯಿಲೆ ಬಿದ್ದವನು ಮನೆಗೆ ಹೋಗುತ್ತಿದ್ದನು. ಮರುದಿನ ಅವನ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಿದ್ದನು. ಬಹುಮಂದಿ ಮಾಲಿಕರ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಜಮ್‌ಷೆಡ್‌ಜಿಯವರು ತಮ್ಮ ದೊಡ್ಡ ಗಿರಣಿಯನ್ನು ಮುಂಬಯಿಯಲ್ಲಿ ಕಟ್ಟಲಿಲ್ಲ. ಹತ್ತಿ ಬೆಳೆಯುವಲ್ಲಿಯೇ ಗಿರಣಿ ಇರಬೇಕು. ನೀರು, ಕಲ್ಲಿದ್ದಲು, ರೈಲು ಹತ್ತಿರವಿರಬೇಕು ಎಂಬುದು ಅವರ ವಿಚಾರ. ಸುಣ್ಣದ ಕಲ್ಲಿನ ಬಳಿ ಸಿಮೆಂಟಿನ ಕಾರ್ಖಾನೆ ಏಳುವುದೂ ಇಂತಹ ಲೆಕ್ಕದಿಂದಲೇ. ಅವರು ನಾಗಪುರವನ್ನು ಆರಿಸಿದರು. 1874ರಲ್ಲಿ ಹದಿನೈದು ಲಕ್ಷ ರೂಪಾಯಿಗಳ ಬಂಡವಾಳದಿಂದ ಕಂಪನಿ ಸ್ಥಾಪನೆಯಾಯಿತು. ರೈಲು ನಿಲ್ದಾಣದ ಬಳಿ ಅಗ್ಗಕ್ಕೆ ಸಿಕ್ಕ ಜೌಗು ನೆಲವನ್ನು ಮಣ್ಣು ತುಂಬಿಸಿ ಗಟ್ಟಿ ಮಾಡಿದರು. ಇದನ್ನು ನೋಡಿದ ಊರಿನ ಸಾಹುಕಾರನೊಬ್ಬ, ಚಿನ್ನವನ್ನು ಗುಂಡಿಯಲ್ಲಿ ಹೂಳುವ ಕೆಲಸಕ್ಕೆ ತನ್ನ ಹಣ ಕೊಡಲಾರೆನೆಂದು ನಕ್ಕು ಹಿಂದೆ ಸರಿದನಂತೆ. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೇ, ಗಿರಣಿ ಆರಂಭವಾಯಿತು. ಅದಕ್ಕೆ ಎಂಪ್ರೆಸ್ ಮಿಲ್ ಎಂಬ ಹೆಸರು ಬಂದುದು ಹೀಗೆ. ಗಿರಣಿಯ ಆಡಳಿತವನ್ನು ರೈಲ್ವೆಯಲ್ಲಿ ಅನುಭವ ಪಡೆದಿದ್ದ ಬೇಜನ್‌ಜಿ ದಾದಾಭಾಯಿ ಮೆಹತಾ ಎಂಬುವರಿಗೆ ಒಪ್ಪಿಸಿದರು.

ಗಿರಣಿ ನಿಂತಿತು, ಆದರೆ ಕೆಲಸಗಾರರು ನಿಲ್ಲಲಿಲ್ಲ. ನಾಗಪುರದ ಸುತ್ತಲಿನವರು ಹೊಲದ ದುಡಿಮೆಗೆ ಒಗ್ಗಿದವರು. ಬಿತ್ತನೆ, ಕೊಯ್ಲು, ಹಬ್ಬ, ಮದುವೆಗಳ ಕಾಲಗತಿ ಅವರಿಗೆ ಗೊತ್ತಿತ್ತೇ ಹೊರತು ಗಿರಣಿಯ ಗಂಟೆ ಗೊತ್ತಿರಲಿಲ್ಲ. ಕೈಯಲ್ಲಿ ಒಂದಿಷ್ಟು ಕಾಸು ಕೂಡಿದೊಡನೆ ಅನೇಕರು ಕೆಲಸಕ್ಕೆ ಬರುತ್ತಿರಲಿಲ್ಲ. ಕಾಯಿಲೆಯೂ ಗೈರುಹಾಜರಿಗೆ ದೊಡ್ಡ ಕಾರಣವಾಗಿರುವುದು ಎಲ್ಲ ಕಾರ್ಖಾನೆಗಳ ಅನುಭವ. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ತೋರಬಹುದು. ಆದರೆ ಗಿರಣಿಯ ಲೆಕ್ಕವೇ ಬೇರೆ. ನೂಲುವವನು ಬಾರದಿದ್ದರೆ ಅವನ ಕದಿರುಗಳು ಸುಮ್ಮನೆ ನಿಲ್ಲುತ್ತವೆ. ಆದರೆ ಯಂತ್ರಕ್ಕೆ ಹಾಕಿದ ಬಂಡವಾಳದ ಬಡ್ಡಿ ನಿಲ್ಲುವುದಿಲ್ಲ, ಉರಿಯುವ ಕಲ್ಲಿದ್ದಲೂ ನಿಲ್ಲುವುದಿಲ್ಲ. ಬದಲಿಗೆ ಹೊಸಬನನ್ನು ನಿಲ್ಲಿಸಿದರೆ ಅವನ ಕೈಯಲ್ಲಿ ನೂಲು ಮತ್ತೆ ಮತ್ತೆ ಕಡಿಯುತ್ತದೆ, ಹತ್ತಿ ಹಾಳಾಗುತ್ತದೆ. ಕೈ ಪಳಗುವ ಹೊತ್ತಿಗೆ ಅವನೂ ಊರಿಗೆ ಹೊರಟಿರುತ್ತಾನೆ.

ಇಂತಹ ಸ್ಥಿತಿಯಲ್ಲಿ ಮಾಲಿಕರಿಗೆ ತಿಳಿದಿದ್ದ ಮದ್ದು ಒಂದೇ: ದಂಡ ಹಾಕುವುದು, ಇಲ್ಲವೇ ಕೆಲಸದಿಂದ ತೆಗೆಯುವುದು. ಜಮ್‌ಷೆಡ್‌ಜಿಯವರು ಆ ದಾರಿ ಹಿಡಿಯಲಿಲ್ಲ. ಕೆಲಸಕ್ಕೆ ಬರುವುದು, ಬಂದಲ್ಲಿಯೇ ಉಳಿಯುವುದು ಕೆಲಸಗಾರನಿಗೇ ಬೇಕೆನಿಸುವಂತೆ ಮಾಡುವುದು ಹೇಗೆಂದು ಅವರು ಯೋಚಿಸಿದರು. ಕಾರ್ಮಿಕರಿಗೂ ಅವರ ಮನೆಯವರಿಗೂ ಗಿರಣಿಯಲ್ಲಿ ಆಟೋಟಗಳ ದಿನಗಳನ್ನು ಏರ್ಪಡಿಸಿದರು. ಚೆನ್ನಾಗಿ ದುಡಿದವರಿಗೆ ಎಲ್ಲರೆದುರಿಗೆ ಬಹುಮಾನ ಕೊಡುವ ಪದ್ಧತಿ ತಂದರು. ಮುಪ್ಪಿನ ಚಿಂತೆ ಕಳೆಯಲು 1886ರಲ್ಲಿ ನಿವೃತ್ತಿ ವೇತನದ ನಿಧಿಯನ್ನು ಸ್ಥಾಪಿಸಿದರು. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವನ ಸಂಸಾರ ಬೀದಿಗೆ ಬೀಳದಿರಲೆಂದು 1895ರಲ್ಲಿ ಅಪಘಾತ ಪರಿಹಾರವನ್ನು ಜಾರಿಗೆ ತಂದರು. ದೇಶದ ಕಾನೂನು ಇಂತಹ ಪರಿಹಾರವನ್ನು ಕಡ್ಡಾಯ ಮಾಡಿದ್ದು 1923ರಲ್ಲಿ, ಇಪ್ಪತ್ತೆಂಟು ವರ್ಷಗಳ ನಂತರ. ಶುದ್ಧೀಕರಿಸಿದ ಕುಡಿಯುವ ನೀರು, ಔಷಧೋಪಚಾರ, ಅಗ್ಗದ ದರದಲ್ಲಿ ದವಸಧಾನ್ಯ, ಕೊಳಚೆಯಿಂದ ದೂರವಾದ ವಸತಿ ಮುಂತಾದವು ಅವರ ಗಿರಣಿಗಳಲ್ಲಿ ಒಂದೊಂದಾಗಿ ಸೇರುತ್ತ ಬಂದವು.

ಇವೆಲ್ಲಕ್ಕಿಂತ ಗಮನಿಸಬೇಕಾದುದು ಗಾಳಿಯ ವಿಷಯ. ನಾಗಪುರದ ಬೇಸಗೆ ಬಹಳ ಕಡುವಾದುದು. ಒಣಗಾಳಿಯಲ್ಲಿ ಹತ್ತಿಯ ನೂಲು ಪೆಡಸಾಗಿ ಕಡಿಯುತ್ತದೆ. ಹತ್ತಿಯ ಧೂಳು ಹಾರಿ ಎದೆಯನ್ನು ಸೇರುತ್ತದೆ. ಜಮ್‌ಷೆಡ್‌ಜಿಯವರು ಗಿರಣಿಯೊಳಗೆ ಗಾಳಿಯಾಡಲು ತಕ್ಕ ಏರ್ಪಾಟು ಮಾಡಿಸಿ, ಗಾಳಿಯಲ್ಲಿ ತೇವಾಂಶ ಕಾಯುವ ಯಂತ್ರಗಳನ್ನು ಹೂಡಿಸಿದರು. ಬೆಂಕಿ ಹೊತ್ತಿದರೆ ಛಾವಣಿಯಿಂದ ತಾನಾಗಿ ನೀರು ಸುರಿಸುವ ಕೊಳವೆಗಳನ್ನೂ ಹಾಕಿಸಿದರು. ಭಾರತದಲ್ಲಿ ಈ ಉಪಕರಣಗಳನ್ನು ಮೊದಮೊದಲು ಬಳಸಿದವರಲ್ಲಿ ಅವರು ಒಬ್ಬರು. ತೇವದ ಗಾಳಿಯಿಂದ ನೂಲು ಕಡಿಯುವುದು ಕಡಿಮೆಯಾಗುತ್ತದೆ. ಹಾರುವ ಧೂಳೂ ಅಡಗುತ್ತದೆ. ಒಂದೇ ಯಂತ್ರ ಮಾಲಿಕನ ನೂಲನ್ನೂ ಕಾರ್ಮಿಕನ ಉಸಿರನ್ನೂ ಏಕಕಾಲಕ್ಕೆ ಕಾಯಿತು. ಇವುಗಳಲ್ಲಿ ಮೊದಲನೆಯದಕ್ಕಾಗಿ ಅದನ್ನು ತಂದರೋ ಎರಡನೆಯದಕ್ಕಾಗಿಯೋ ಎಂದು ವಾದಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಡೂ ಬೇರೆಬೇರೆಯಲ್ಲವೆಂಬುದೇ ಅವರು ಕಂಡುಕೊಂಡ ಸತ್ಯ.

1895ರಲ್ಲಿ ಎಂಪ್ರೆಸ್ ಗಿರಣಿಯ ವಿಸ್ತರಣೆಯ ಸಮಾರಂಭದಲ್ಲಿ ಮಾತನಾಡುತ್ತ ಅವರು ಈ ಸತ್ಯವನ್ನು ಬಿಚ್ಚಿಯೇ ಹೇಳಿದರು. ತಾವು ಇತರರಿಗಿಂತ ಹೆಚ್ಚು ನಿಃಸ್ವಾರ್ಥಿಗಳೆಂದಾಗಲಿ ಉದಾರಿಗಳೆಂದಾಗಲಿ ಹೇಳಿಕೊಳ್ಳುವುದಿಲ್ಲವೆಂದೂ, ವ್ಯಾಪಾರದ ನೇರವಾದ ನಿಯಮಗಳಂತೆ ನಡೆದಿರುವೆವೆಂದೂ, ಷೇರುದಾರರ ಹಿತವನ್ನು ತಮ್ಮ ಹಿತವೆಂದು ಬಗೆದಿರುವೆವೆಂದೂ, ಕೆಲಸಗಾರರ ಆರೋಗ್ಯ ಮತ್ತು ಕ್ಷೇಮಗಳೇ ಗಿರಣಿಯ ಏಳಿಗೆಗೆ ಭದ್ರವಾದ ತಳಹದಿಯೆಂದು ನಂಬಿರುವೆವೆಂದೂ ಅಲ್ಲಿ ನೆರೆದವರಿಗೆ ತಿಳಿಸಿದರು. ಒಬ್ಬ ಮಾಲಿಕನು ತನ್ನ ಷೇರುದಾರರ ಮುಂದೆ ಆಡಿದ ಈ ಮಾತಿನಲ್ಲಿ ದಾನದ ಸುಳಿವಿಲ್ಲ. ದಾನವು ಕೊಡುವವನ ಮನಸ್ಸು ಬದಲಾದ ದಿನ ನಿಂತುಹೋಗುತ್ತದೆ. ತಳಹದಿಯನ್ನು ಮಾತ್ರ ಬುದ್ಧಿಯುಳ್ಳ ಯಾರೂ ಕೀಳಲಾರರು.

ಆದರೆ ಈ ಚಿತ್ರದಲ್ಲಿ ನೆರಳೇ ಇರಲಿಲ್ಲವೆಂದು ಭಾವಿಸಬಾರದು. ಅಂದಿನ ಎಲ್ಲ ಗಿರಣಿಗಳಂತೆ ಅವರ ಗಿರಣಿಗಳಲ್ಲಿಯೂ ದುಡಿಮೆಯ ಹೊತ್ತು ದೀರ್ಘವಾಗಿಯೇ ಇತ್ತು. ಸೌಲಭ್ಯಗಳನ್ನು ಮಾಲಿಕರು ತಾವಾಗಿ ಕೊಟ್ಟರು. ಕಾರ್ಮಿಕರು ಅವುಗಳನ್ನು ಹಕ್ಕೆಂದು ಕೇಳುವಂತಿರಲಿಲ್ಲ. ಹಕ್ಕಿನ ಮಾತು ಬೇರೆ ಕಡೆಯಿಂದ ಎದ್ದಿತು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಸಭೆ ಸೇರಿಸಿ, ವಾರಕ್ಕೊಂದು ರಜೆ, ನಡುಹಗಲಿನಲ್ಲಿ ಬಿಡುವು, ಗಾಯಗೊಂಡವರಿಗೆ ಪರಿಹಾರ ಬೇಕೆಂಬ ಮನವಿಗೆ ಸಾವಿರಾರು ಸಹಿಗಳನ್ನು ಕೂಡಿಸಿದರು. ಮುಂಬಯಿಯ ಗಿರಣಿ ಮಾಲಿಕರು ಭಾನುವಾರದ ರಜೆಗೆ ಒಪ್ಪಿದ್ದು 1890ರಲ್ಲಿ. ನಾವು ಇಂದು ಸಹಜವೆಂದು ಅನುಭವಿಸುವ ಭಾನುವಾರದ ಹಿಂದೆ ಆರು ವರ್ಷಗಳ ಹೋರಾಟವಿದೆ. ದೂರದೃಷ್ಟಿಯ ಮಾಲಿಕನೂ ಎಚ್ಚೆತ್ತ ಕಾರ್ಮಿಕನೂ ಒಂದೇ ಕಾಲದಲ್ಲಿ, ಒಬ್ಬರಿಗೊಬ್ಬರು ಎದುರಾಗಿ ನಿಂತಾಗಲೂ, ಒಂದೇ ಕೆಲಸವನ್ನು ಮಾಡಿದರೆಂದು ಈಗ ತೋರುತ್ತದೆ.

1886ರಲ್ಲಿ ಜಮ್‌ಷೆಡ್‌ಜಿಯವರು ಕುರ್ಲಾದ ಒಂದು ಹಳೆಯ ಗಿರಣಿಯನ್ನು ಹರಾಜಿನಲ್ಲಿ ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಯಂತ್ರಗಳು ಸವೆದಿದ್ದವು, ನಷ್ಟದ ಮೇಲೆ ನಷ್ಟ ಬಂದಿತು. ಬ್ಯಾಂಕಿನವರು ಸಾಲ ನಿರಾಕರಿಸಿದಾಗ ಅವರು ತಮ್ಮ ಷೇರುಗಳನ್ನು ಮಾರಿ ಹಣ ತುಂಬಿದರು. ನಾಗಪುರದ ಗಿರಣಿಯಲ್ಲಿ ನುರಿತವರನ್ನು ಕುರ್ಲಾಕ್ಕೆ ಕರೆಸಿ ಅದನ್ನು ಮತ್ತೆ ನಿಲ್ಲಿಸಿದರು. ಒಂದು ಕಾಲದಲ್ಲಿ ಕೆಲಸಗಾರರು ನಿಲ್ಲದಿದ್ದ ಗಿರಣಿ, ಹತ್ತು ವರ್ಷಗಳಲ್ಲಿ, ಇನ್ನೊಂದು ಗಿರಣಿಯನ್ನು ಎತ್ತಿ ನಿಲ್ಲಿಸಬಲ್ಲ ಕೈಗಳನ್ನು ಬೆಳೆಸಿತ್ತು.

ಕರ್ನಾಟಕಕ್ಕೂ ಅವರಿಗೂ ಇದ್ದ ನಂಟು ಹಳೆಯದು. ಜಪಾನಿನ ರೇಷ್ಮೆ ಕೃಷಿಯನ್ನು ಮೆಚ್ಚಿ ಅದೇ ರೀತಿಯ ಒಂದು ರೇಷ್ಮೆ ತೋಟವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ವಿಜ್ಞಾನದ ಉನ್ನತ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು 1898ರಲ್ಲಿ ಮೂವತ್ತು ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ತೆಗೆದಿಡಲು ಮುಂದಾದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟು, 1909ರಲ್ಲಿ ಆ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು. ಹೀಗೆಯೇ ಪಶ್ಚಿಮ ಘಟ್ಟದ ಮಳೆನೀರನ್ನು ಹಿಡಿದು ವಿದ್ಯುತ್ತು ಮಾಡಿ ಮುಂಬಯಿಯ ಗಿರಣಿಗಳಿಗೆ ಒದಗಿಸಬೇಕು, ಕಲ್ಲಿದ್ದಲಿನ ಹೊಗೆಯಿಂದ ನಗರವನ್ನು ಪಾರುಮಾಡಬೇಕು ಎಂಬ ಅವರ ಯೋಜನೆಯೂ ಅವರ ಮರಣಾನಂತರ, 1915ರಲ್ಲಿ ಕೈಗೂಡಿತು.

ಅವರ ಬದುಕಿನ ಕೊನೆಯ ವರ್ಷಗಳನ್ನು ಆವರಿಸಿದ್ದು ಉಕ್ಕಿನ ಕಾರ್ಖಾನೆಯ ಯೋಚನೆ. ಆಗಿನ್ನೂ ಅದಿರು ಎಲ್ಲಿದೆ, ಕಾರ್ಖಾನೆ ಎಲ್ಲಿ ನಿಲ್ಲಬೇಕು ಎಂಬುದೇ ಗೊತ್ತಾಗಿರಲಿಲ್ಲ. ಹಾಗಿದ್ದರೂ 1902ರಲ್ಲಿ ಅವರು ಮಗ ದೊರಾಬ್‌ಜಿಯವರಿಗೆ ಪರದೇಶದಿಂದ ಒಂದು ಪತ್ರ ಬರೆದರು. ಅದರಲ್ಲಿ ಕುಲುಮೆಯ ಮಾತಿಗಿಂತ ಕಾರ್ಮಿಕರ ಊರಿನ ಮಾತು ಮುಂದಾಗಿದೆ. ಬೀದಿಗಳು ಅಗಲವಾಗಿರಲಿ, ಬೇಗ ಬೆಳೆಯುವ ನೆರಳಿನ ಮರಗಳನ್ನು ಬದಿಯಲ್ಲಿ ನೆಡಿಸಬೇಕು, ಹುಲ್ಲುಹಾಸಿಗೂ ತೋಟಗಳಿಗೂ ಧಾರಾಳವಾಗಿ ಸ್ಥಳ ಬಿಡಬೇಕು, ಕಾಲ್ಚೆಂಡು ಮತ್ತು ಹಾಕಿ ಆಟಗಳಿಗೆ ದೊಡ್ಡ ಬಯಲುಗಳಿರಬೇಕು, ದೇವಾಲಯ, ಮಸೀದಿ, ಚರ್ಚುಗಳಿಗೆ ಜಾಗ ಗುರುತಿಸಬೇಕು ಎಂದು ಅವರು ಮಗನಿಗೆ ಸೂಚಿಸಿದರು. ಬೆಂಕಿಯೆದುರು ಎಂಟು ಹತ್ತು ಗಂಟೆ ನಿಂತು ಬಂದವನಿಗೆ ಮರದ ನೆರಳು ಅಲಂಕಾರವಲ್ಲ. ಮರುದಿನ ಅದೇ ಬೆಂಕಿಯೆದುರು ನಿಲ್ಲುವ ಶಕ್ತಿಯನ್ನು ಅವನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕಲ್ಲವೆ?

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬ ಊರಿನಲ್ಲಿ ಜಮ್‌ಷೆಡ್‌ಜಿಯವರು ನಿಧನರಾದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಅವರ ಸಮಾಧಿಯಿದೆ. 1907ರಲ್ಲಿ ಉಕ್ಕಿನ ಕಂಪನಿ ಸ್ಥಾಪನೆಯಾಯಿತು. ಕಾಡಿನ ನಡುವಣ ಸಾಕಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು. 1919ರಲ್ಲಿ ಆ ಊರಿಗೆ ಜಮ್‌ಷೆಡ್‌ಪುರ ಎಂಬ ಹೆಸರಾಯಿತು.

ತಂದೆ ಹಾಕಿಕೊಟ್ಟ ದಾರಿಯಲ್ಲಿ ಮಕ್ಕಳು ಮುಂದೆ ನಡೆದರು. 1912ರಲ್ಲಿ ಅಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆ ಜಾರಿಗೆ ಬಂದಿತು. ದೇಶದ ಕಾನೂನು ವಯಸ್ಕರ ದುಡಿಮೆಯನ್ನು ವಾರಕ್ಕೆ 48 ಗಂಟೆಗಳಿಗೆ ಇಳಿಸಿದ್ದು ಕಾರ್ಖಾನೆ ಕಾಯಿದೆಯ 1946ರ ತಿದ್ದುಪಡಿಯಲ್ಲಿ. 1915ರಲ್ಲಿ ಉಚಿತ ವೈದ್ಯಕೀಯ ನೆರವು, 1920ರಲ್ಲಿ ಸಂಬಳಸಹಿತ ರಜೆ ಮತ್ತು ಭವಿಷ್ಯನಿಧಿ, 1928ರಲ್ಲಿ ಹೆರಿಗೆಯ ಸೌಲಭ್ಯ ಬಂದವು. ಅದೇ ಊರಿನಲ್ಲಿ 1920, 1922, 1928ರಲ್ಲಿ ದೊಡ್ಡ ಮುಷ್ಕರಗಳೂ ನಡೆದವೆಂಬುದನ್ನು ಇದರೊಡನೆಯೇ ಹೇಳಬೇಕು. ಆಸ್ಪತ್ರೆ ಕಟ್ಟಿಸಿಕೊಟ್ಟ ಮಾತ್ರಕ್ಕೆ ಕೂಲಿಯ ಪ್ರಶ್ನೆ ಮರೆತುಹೋಗುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಆರೋಗ್ಯದ ಏರ್ಪಾಡು ನ್ಯಾಯವಾದ ಸಂಬಳದ ಜೊತೆಗೆ ಬರಬೇಕಾದುದು, ಅದಕ್ಕೆ ಬದಲಾಗಿ ಅಲ್ಲ.

ಜಮ್‌ಷೆಡ್‌ಜಿಯವರ ಕಾಲಾನಂತರ ಟಾಟಾ ಸಂಸ್ಥೆ ಸಿಮೆಂಟಿನ ಉದ್ಯಮಕ್ಕೂ ಕೈಹಾಕಿತು. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಶಹಾಬಾದದಲ್ಲಿ 1920ರ ದಶಕದಲ್ಲಿ ಸಿಮೆಂಟಿನ ಕಾರ್ಖಾನೆ ಆರಂಭವಾದುದು ಆ ಸಂಸ್ಥೆಯ ಆಡಳಿತದಲ್ಲಿಯೇ. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಒಂದಾಗಿ ಎ.ಸಿ.ಸಿ. ಎಂಬ ದೊಡ್ಡ ಸಂಸ್ಥೆ ರೂಪುಗೊಂಡಾಗ ಶಹಾಬಾದವೂ ಅದರೊಳಗೆ ಸೇರಿತು. 1968ರಲ್ಲಿ ಅದೇ ಸಂಸ್ಥೆ ವಾಡಿಯಲ್ಲಿ ಕಾರ್ಖಾನೆಯನ್ನು ತೆರೆಯಿತು. ಕಾಗಿಣಾ ನದಿಯ ದಂಡೆಯ ಮೇಲಿನ ಮಳಖೇಡದಲ್ಲಿ, ಒಂದು ಕಾಲಕ್ಕೆ ರಾಷ್ಟ್ರಕೂಟರು ರಾಜ್ಯವಾಳಿದ ನೆಲದ ಪಕ್ಕದಲ್ಲಿ, ಮತ್ತು ಸೇಡಂನಲ್ಲಿ 1980ರ ದಶಕದಲ್ಲಿ ಬೇರೆ ಕಂಪನಿಗಳ ಕಾರ್ಖಾನೆಗಳು ಎದ್ದವು. ಅನಂತರ ಚಿಂಚೋಳಿಯ ಕಡೆಗೂ ಈ ಉದ್ಯಮ ಹಬ್ಬಿತು. ದೊಡ್ಡ ಕಾರ್ಖಾನೆಯೆಂದರೆ ಅದರ ಪಕ್ಕದಲ್ಲಿ ಕೆಲಸಗಾರರ ವಸತಿ, ದವಾಖಾನೆ, ಶಾಲೆ, ಆಟದ ಬಯಲು ಇರಬೇಕೆಂಬ ರೂಢಿ ಆ ವೇಳೆಗೆ ಬೇರೂರಿತ್ತು. 1948ರ ಕಾರ್ಖಾನೆ ಕಾಯಿದೆಯು ಧೂಳು ಮತ್ತು ಹೊಗೆಯನ್ನು ಹೊರಹಾಕುವ ಏರ್ಪಾಡು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ದೊಡ್ಡ ಕಾರ್ಖಾನೆಗಳಲ್ಲಿ ಉಪಾಹಾರಗೃಹ ಮತ್ತು ಕ್ಷೇಮಾಧಿಕಾರಿ ಇವೆಲ್ಲವನ್ನೂ ಮಾಲಿಕರ ಕರ್ತವ್ಯವೆಂದು ವಿಧಿಸಿತು. ನಾಗಪುರದಲ್ಲಿ ಒಬ್ಬ ಮಾಲಿಕನ ವಿವೇಕವಾಗಿದ್ದುದು ಹೀಗೆ ಎಲ್ಲ ಮಾಲಿಕರಿಗೂ ಅನ್ವಯಿಸುವ ಕಟ್ಟಳೆಯಾಯಿತು.

ಕಾಲ ಕಳೆದಂತೆ ಆರೋಗ್ಯವೆಂಬ ಮಾತಿನ ಅರ್ಥವೂ ಹಿಗ್ಗಿದೆ. ಕಾಯಿಲೆಯಾದ ಮೇಲೆ ಔಷಧ ಕೊಡುವುದಷ್ಟೇ ಸಾಲದೆಂದು ಉದ್ಯಮಗಳು ಕಂಡುಕೊಂಡವು. ಎದೆಯ ಚಿತ್ರ ತೆಗೆದು ಧೂಳಿನ ಹಾನಿಯನ್ನು ಮೊದಲೇ ಗುರುತಿಸುವುದು, ಕಿವಿಯ ಶಕ್ತಿಯನ್ನು ಅಳೆಯುವುದು, ರಕ್ತದೊತ್ತಡ ಮತ್ತು ಸಕ್ಕರೆಕಾಯಿಲೆಗಳ ಪರೀಕ್ಷೆ, ತಂಬಾಕು ಬಿಡಿಸುವ ಪ್ರಯತ್ನ, ವ್ಯಾಯಾಮ, ರಾತ್ರಿ ಪಾಳಿಯವರ ನಿದ್ರೆಯ ಬಗ್ಗೆ ಎಚ್ಚರ, ಮನಸ್ಸು ಕುಗ್ಗಿದವನಿಗೆ ಹಿತವಚನ ಇವೆಲ್ಲವೂ ಅನೇಕ ಕಾರ್ಖಾನೆ, ಕಚೇರಿಗಳ ಕಾರ್ಯಕ್ರಮದಲ್ಲಿ ಸೇರಿವೆ. ಲೆಕ್ಕ ಮಾತ್ರ ನಾಗಪುರದ ಹಳೆಯ ಲೆಕ್ಕವೇ. ಪಳಗಿದ ಕೈಯೊಂದು ಕಾಯಿಲೆಯಿಂದ ಅಕಾಲದಲ್ಲಿ ಕೆಲಸ ಬಿಟ್ಟರೆ ಕಾರ್ಖಾನೆಗೆ ಆಗುವ ನಷ್ಟ, ಆ ಕಾಯಿಲೆಯನ್ನು ತಡೆಯಲು ತಗಲುವ ವೆಚ್ಚಕ್ಕಿಂತ ಎಷ್ಟೋ ಹೆಚ್ಚು. ಕೆಲಸಗಾರನ ಮನೆಯ ಲೆಕ್ಕ ಇನ್ನೂ ಸರಳ: ದುಡಿಯುವ ಒಂದು ದೇಹದ ಮೇಲೆ ಐದಾರು ತಟ್ಟೆಗಳು ನಿಂತಿರುತ್ತವೆ.

ಆದರೆ ಈ ಏರ್ಪಾಡುಗಳೆಲ್ಲ ದೊಡ್ಡ ಕಾರ್ಖಾನೆಯ ಗೇಟಿನ ಒಳಗಿವೆ. ಶಹಾಬಾದ, ಚಿತ್ತಾಪುರ, ಸೇಡಂಗಳ ಸುತ್ತಲಿನ ಕಲ್ಲುಗಣಿಗಳಲ್ಲಿ, ಹಾಸುಗಲ್ಲು ಕೊರೆದು ನಯಗೊಳಿಸುವ ಚಿಕ್ಕ ಚಿಕ್ಕ ಘಟಕಗಳಲ್ಲಿ ದಿನಗೂಲಿಗೆ ದುಡಿಯುವವರು ಗೇಟಿನ ಹೊರಗಿನವರು. ಇಂದು ಒಬ್ಬ ಮಾಲಿಕನಲ್ಲಿ, ನಾಳೆ ಇನ್ನೊಬ್ಬನಲ್ಲಿ ಕೂಲಿ ಮಾಡುವವನ ಎದೆಯ ಪರೀಕ್ಷೆಯನ್ನು ಮಾಡಿಸಬೇಕಾದವರು ಯಾರು? ಮಾಲಿಕನೂ ಅನೇಕ ವೇಳೆ ಸಾಲ ಮಾಡಿ ಯಂತ್ರ ತಂದ ಸಣ್ಣ ಹಿಡುವಳಿದಾರನೇ. ಇವರ ಕೆಲಸದಲ್ಲಿಯೂ ಧೂಳನ್ನು ತಡೆಯುವ ಉಪಾಯ ಬಹಳ ದುಬಾರಿಯದೇನಲ್ಲ. ಕಲ್ಲು ಕೊರೆಯುವ ಗರಗಸದ ಅಲಗಿನ ಮೇಲೆ ಎಡೆಬಿಡದೆ ನೀರು ಬಿದ್ದರೆ ಧೂಳು ಗಾಳಿಗೆ ಏಳದೆ ಕೆಸರಾಗಿ ಕೆಳಗಿಳಿಯುತ್ತದೆ. ಅಲಗೂ ಕಾಯುವುದಿಲ್ಲ, ಬೇಗ ಸವೆಯುವುದೂ ಇಲ್ಲ. ನಾಗಪುರದ ಗಿರಣಿಯಲ್ಲಿ ತೇವದ ಗಾಳಿ ಮಾಡಿದ ಕೆಲಸವನ್ನೇ ಇಲ್ಲಿ ಒಂದು ಸಣ್ಣ ಕೊಳವೆಯ ನೀರು ಮಾಡುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿದಾಗ ಮೊದಲು ಉಳಿತಾಯವಾಗುವುದು ಆ ನೀರೇ. ಆಗ ಕೆಲಸಗಾರನು ಹೆಗಲ ಮೇಲಿನ ವಸ್ತ್ರವನ್ನು ಮೂಗು ಬಾಯಿಗಳಿಗೆ ಸುತ್ತಿಕೊಂಡು ಮತ್ತೆ ಗರಗಸದ ಮುಂದೆ ಕೂರುತ್ತಾನೆ.